ಹೊಯ್ಸಳ ರೂವಾರಿಗಳ ಅಂಕಿತಗಳು

ಕರ್ಣಾಟಕದ ಪ್ರಾಚೀನ ಕವಿಗಳು ತಮ್ಮ ಕಾವ್ಯಗಳ ಮೊದಲಲ್ಲಿಯೋ ಕೊನೆಯಲ್ಲಿಯೋ ತಮ್ಮ ಹೆಸರು, ತಂದೆ ತಾಯಿ, ಗುರು, ಆಶ್ರಯದಾತ ಇವರನ್ನು ಹೇಳಿಕೊಳ್ಳುವುದು ವಾಡಿಕೆಯಾಗಿದ್ದಿತು. ಆ ವಾಡಿಕೆಯಿಂದಲೇ ನಮ್ಮ ಸಾಹಿತ್ಯ ಚರಿತ್ರೆಯು ಸಾಧ್ಯವಾಯಿತು. ಶಿಲ್ಪಿಗಳ ವಿಷಯದಲ್ಲಿ ಮಾತ್ರ ಇದಕ್ಕೆ ವಿರುದ್ಧವಾದ ನಂಬಿಕೆಯೊಂದು ಬಹುಕಾಲ ನಡೆದುಬಂದಿತು. ದೇವಾಲಯವನ್ನು ಕಟ್ಟಿಸಿದ ಅರಸನ ಹೆಸರು ಶಾಸನದಲ್ಲಿರುವುದು. ಉಳಿಯನ್ನು ಹಿಡಿದವನ ಹೆಸರು ಉಳಿಯಲಿಲ್ಲ. ಅವನು ದೇವರ ಸೇವೆಯೆಂದು ದುಡಿದು ತನ್ನ ಹೆಸರನ್ನು ಮರೆಸಿಕೊಂಡನು ಎಂಬುದೇ ಆ ನಂಬಿಕೆ. ಈ ಮಾತು ಕೇಳುವುದಕ್ಕೆ ಇಂಪಾಗಿದೆ. ಆದರೆ ಕರ್ಣಾಟಕದ ಮಟ್ಟಿಗೆ ನಿಜವಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರಗಳ ವಿಗ್ರಹಗಳ ಪೀಠಗಳೇ ಇದಕ್ಕೆ ಸಾಕ್ಷಿ. ಆ ಸಾಕ್ಷ್ಯವು ಹೇಗೆ ದೊರೆಯಿತು, ಅದು ಎಷ್ಟನ್ನು ಹೇಳುವುದು, ಎಷ್ಟನ್ನು ಹೇಳದು ಎಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

ಹೆಸರುಗಳು ತಿಳಿಯದಿದ್ದ ಕಾಲದಲ್ಲಿ ಜನರು ಒಂದೇ ಹೆಸರಿನಿಂದ ತೃಪ್ತರಾಗಿದ್ದರು. ಅದು ಜಕಣಾಚಾರಿಯ ಹೆಸರು. ಅವನ ಕಥೆಯನ್ನು ಅರಿಯದವರು ವಿರಳ. ಬೇಲೂರಿನ ವಿಗ್ರಹದಲ್ಲಿ ದೋಷವುಂಟೆಂದು ತರುಣನೊಬ್ಬನು ಹೇಳಿದನು. ಮೈಗೆಲ್ಲ ಗಂಧವನ್ನು ಬಳಿಯಲು ಒಂದೆಡೆ ಮಾತ್ರ ಅದು ಒಣಗದೆ ನಿಂತಿತು. ಅಲ್ಲಿ ಒಡೆದು ನೋಡಿದರೆ ನೀರೂ ಕಪ್ಪೆಯೂ ಹೊರಬಂದುವು. ಆಚಾರಿಯು ಪಂತದಂತೆ ತನ್ನ ಬಲಗೈಯನ್ನು ಕತ್ತರಿಸಿಕೊಂಡನು; ಆ ತರುಣನು ತನ್ನ ಮಗನಾದ ಡಂಕಣನೇ ಎಂದು ಆಮೇಲೆ ತಿಳಿಯಿತು; ತುಮಕೂರಿನ ಬಳಿಯ ಕ್ರೀಡಾಪುರದಲ್ಲಿ ಚೆನ್ನಕೇಶವನ ಗುಡಿಯನ್ನು ಕಟ್ಟಲು ಕೈ ಮರಳಿ ಬಂದಿತು; ಊರಿಗೆ ಕೈದಾಳವೆಂದು ಹೆಸರಾಯಿತು. ಬೇಲೂರಿನ ಕಪ್ಪೆ ಚೆನ್ನಿಗರಾಯನ ಹೆಸರಿಗೂ ಕೈದಾಳದ ಹೆಸರಿಗೂ ಈ ಕಥೆಯೇ ವಿವರಣೆ.

ಕಥೆಯ ಸೊಗಸಿನ ವಿಷಯದಲ್ಲಿ ಆಕ್ಷೇಪವಿಲ್ಲ. ಚರಿತ್ರೆಯೆಂದು ಅದನ್ನು ಹಿಡಿದಾಗ ತೊಡಕುಗಳು ತೋರುವುವು. ಹೊಯ್ಸಳರ ನಾಡಿನಲ್ಲಿ ಮಾತ್ರವಲ್ಲದೆ ಧಾರವಾಡದ ಸೀಮೆಯಲ್ಲಿಯೂ ಹಳೆಯ ಕೆತ್ತನೆಯ ಗುಡಿ ಕಂಡಲ್ಲಿ ಜನರು ಅದನ್ನು ಜಕಣಾಚಾರಿಯದೆಂದೇ ಹೇಳಿಬಂದಿರುವರು. ಆ ಗುಡಿಗಳ ಕಾಲಗಳು ಒಂದಕ್ಕೊಂದು ಶತಮಾನಗಳಷ್ಟು ದೂರವಾಗಿವೆ. ಒಬ್ಬ ಮನುಷ್ಯನ ಆಯುಸ್ಸು ಅವುಗಳಿಗೆ ಸಾಲದು. ಕಪ್ಪೆ ಚೆನ್ನಿಗರಾಯನ ಗುಡಿಯು ವಿಷ್ಣುವರ್ಧನನ ಪಟ್ಟದರಸಿಯಾದ ಶಾಂತಲದೇವಿಯು ಕಟ್ಟಿಸಿದುದು. ಕೈದಾಳದ ಶಾಸನವು ಅಲ್ಲಿ ಗುಡಿಗಳನ್ನು ಕಟ್ಟಿಸಿದ ಸಾಮಂತ ಬಾಚಿಯನ್ನು ಹೊಗಳುವುದೇ ಹೊರತು ಜಕಣನನ್ನು ಹೆಸರಿಸುವುದಿಲ್ಲ. ಬೇಲೂರಿನಲ್ಲಿ ರೂವಾರಿಗಳ ಹೆಸರುಗಳು ಅನೇಕವಾಗಿರುವುವು. ಅವುಗಳಲ್ಲಿ ಜಕಣನ ಹೆಸರಿಲ್ಲ.

ಈ ಹೆಸರುಗಳು ಬೆಳಕಿಗೆ ಬಂದ ಬಗೆಯು ಗಮನಾರ್ಹವಾದುದು. ಜೇಮ್ಸ್ ಫರ್ಗ್ಯುಸನ್ ಅವರು 1876ರಲ್ಲಿ ಪ್ರಕಟಿಸಿದ ವಾಸ್ತುಚರಿತ್ರೆಯಲ್ಲಿ ಹಳೇಬೀಡಿನ ದೇವಾಲಯವನ್ನು ಗ್ರೀಕರ ಪಾರ್ಥೆನಾನಿನ ಜೊತೆಗಿಟ್ಟು ಹೋಲಿಸಿ ಅದರ ಕೀರ್ತಿಯನ್ನು ಲೋಕದಲ್ಲಿ ಹರಡಿದರು. ಅವರು ಶೈಲಿಗಳನ್ನು ವಿಂಗಡಿಸಿದರು. ಶೈಲಿಯ ಹಿಂದಿನ ಮನುಷ್ಯರು ಅವರ ವಿಂಗಡಣೆಯಲ್ಲಿ ಬರಲಿಲ್ಲ. ಬಿ. ಲೂಯಿ ರೈಸ್ ಅವರು ಮೈಸೂರು ಸಂಸ್ಥಾನದ ಶಾಸನಗಳನ್ನು ಸೀಮೆ ಸೀಮೆಯಾಗಿ ಸಂಗ್ರಹಿಸಿ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಹಾಸನದ ಸಂಪುಟವು 1902ರಲ್ಲಿ ಬಂದಿತು. ಆ ಮಹಾಕಾರ್ಯದ ಮುಖ್ಯ ದೃಷ್ಟಿಯು ರಾಜವಂಶಗಳ ಮೇಲೂ ದಾನದತ್ತಿಗಳ ಮೇಲೂ ಇದ್ದಿತು.

1906ರಲ್ಲಿ ಪ್ರಾಕ್ತನ ಸಂಶೋಧನ ಇಲಾಖೆಯ ಅಧಿಕಾರವು ರಾ. ನರಸಿಂಹಾಚಾರ್ಯರಿಗೆ ಬಂದಿತು. ಅವರು 1922ರವರೆಗೆ ಆ ಸ್ಥಾನದಲ್ಲಿದ್ದರು. ಅಧಿಕಾರವನ್ನು ವಹಿಸಿಕೊಂಡ ಮರುವರ್ಷವೇ, 1907ರಲ್ಲಿ, ಕರ್ಣಾಟಕ ಕವಿಚರಿತೆಯ ಮೊದಲ ಸಂಪುಟವು ಹೊರಬಂದಿತು. ಈ ಎರಡು ಕೆಲಸಗಳನ್ನು ಬೇರೆ ಬೇರೆಯಾಗಿ ಎಣಿಸುವುದು ರೂಢಿ; ಆದರೆ ಎರಡರ ಹಿಂದೆ ಇದ್ದ ಕಣ್ಣು ಒಂದೇ. ಓಲೆಯ ಗರಿಯ ಕಡೆಯ ಪದ್ಯದಲ್ಲಿ ಕವಿಯ ಹೆಸರನ್ನು ಅರಸಿದವರೇ ವಿಗ್ರಹದ ಪೀಠದಲ್ಲಿ ರೂವಾರಿಯ ಹೆಸರನ್ನು ಅರಸಿದರು. ಕವಿಗಳಿಗೆ ಕಾಲ, ದೇಶ, ಕೃತಿ ಎಂಬ ಮೂರನ್ನು ಗೊತ್ತುಮಾಡುವಂತೆ ಶಿಲ್ಪಿಗಳಿಗೂ ಗೊತ್ತುಮಾಡಬೇಕೆಂಬುದು ಅವರ ರೀತಿಯಾಯಿತು. ಅವರು ಸಂಚಾರ ಹೋದೆಡೆಗಳಲ್ಲಿ ಕಂಡ ಅಂಕಿತಗಳು ಇಲಾಖೆಯ ವಾರ್ಷಿಕ ವರದಿಗಳಲ್ಲಿ ಸೇರಿದುವು. ಸೋಮನಾಥಪುರದ ಮೇಲೆ 1917ರಲ್ಲಿಯೂ, ಬೇಲೂರು ಮತ್ತು ದೊಡ್ಡಗದ್ದವಳ್ಳಿಗಳ ಮೇಲೆ 1919ರಲ್ಲಿಯೂ ಪ್ರತ್ಯೇಕ ಗ್ರಂಥಗಳು ಪ್ರಕಟವಾದುವು.

ಅಂಕಿತಗಳನ್ನು ಹುಡುಕುವುದು ಸುಲಭವಾದ ಕೆಲಸವಲ್ಲ. ದಾನಶಾಸನವು ಆಳೆತ್ತರದ ಕಲ್ಲಿನಲ್ಲಿ ಎದುರಿಗೆ ನಿಂತಿರುವುದು. ರೂವಾರಿಯ ಹೆಸರಾದರೋ ವಿಗ್ರಹದ ಪಾದಗಳ ಕೆಳಗೆ, ಬೆರಳಗಲದ ಪಟ್ಟಿಯಲ್ಲಿ, ಕೆಲವೆಡೆ ಎರಡು ಮೂರು ಅಕ್ಷರಗಳಲ್ಲಿ ಅಡಗಿರುವುದು. ಬೇಲೂರಿನ ಮದನಿಕೆಗಳು ಸೂರಿನ ಕೆಳಗೆ ಎತ್ತರದಲ್ಲಿರುವುದರಿಂದ ನೆಲದಲ್ಲಿ ನಿಂತವನಿಗೆ ಅವುಗಳ ಪೀಠದ ಅಕ್ಷರಗಳು ಕಾಣವು. ವಿಗ್ರಹದಿಂದ ವಿಗ್ರಹಕ್ಕೆ ಹತ್ತಿರ ಹೋಗಿ, ಧೂಳನ್ನೂ ಸುಣ್ಣವನ್ನೂ ತೆಗೆದು, ಒದ್ದೆ ಕಾಗದವನ್ನು ಒತ್ತಿ ಮಸಿಯ ಅಚ್ಚು ತೆಗೆದರೇ ಓದು ದೊರೆಯುವುದು. ದೂರದಿಂದ ಸೊಬಗನ್ನು ನೋಡಿ ಹೊಗಳಿದ ಯಾತ್ರಿಕರಿಗೆ ಈ ಹೆಸರುಗಳು ದೊರೆಯದೆ ಹೋದುದಕ್ಕೆ ಇದೇ ಕಾರಣ.

ಬೇಲೂರಿನ ಕೇಶವ ದೇವಾಲಯವು ವಿಷ್ಣುವರ್ಧನನಿಂದ 1117ರಲ್ಲಿ ಪ್ರತಿಷ್ಠಿತವಾಯಿತು. ಅಲ್ಲಿಯ ಅಂಕಿತಗಳಲ್ಲಿ ದಾಸೋಜ, ಅವನ ಮಗ ಚಾವಣ, ಚಿಕ್ಕಹಂಪ, ಮಲ್ಲಿಯಣ್ಣ, ಪದರಿ ಮಲ್ಲೋಜ, ನಾಗೋಜ ಮೊದಲಾದವರ ಹೆಸರುಗಳು ತಿಳಿಯಬರುತ್ತವೆ. ಬಿರುದುಗಳು ಕವಿಗಳ ಬಿರುದುಗಳಿಗೆ ಸ್ವಲ್ಪವೂ ಕಡಮೆಯಲ್ಲ: ಒಬ್ಬನು ಬಿರುದಾಂಕಿತ ರೂವಾರಿಗಳೆಂಬ ಬೆಟ್ಟಕ್ಕೆ ತಾನು ಸಿಡಿಲೆನ್ನುವನು; ಮತ್ತೊಬ್ಬನು ರೂವಾರಿಗಳಲ್ಲಿ ತಾನು ಹುಲಿಯೆನ್ನುವನು. ಹೆಸರನ್ನು ಮರೆಸಿಕೊಂಡ ವಿರಕ್ತರ ಮಾತು ಇದಲ್ಲವೆಂಬುದು ಸ್ಪಷ್ಟ. ರೂಪಕಾರಿಯೆಂಬುದು ರೂವಾರಿಯಾದಂತೆ, ಇವರ ಹೆಸರುಗಳ ಕೊನೆಯ 'ಓಜ' ಎಂಬುದು ಉಪಾಧ್ಯಾಯ ಶಬ್ದದ ತದ್ಭವ. ಕಲಿಸುವವನೆಂಬ ಗೌರವವು ಕಸಬಿನ ಹೆಸರಿನಲ್ಲಿಯೇ ಸೇರಿಕೊಂಡಿತ್ತೆಂಬುದು ಇದರಿಂದ ವ್ಯಕ್ತವಾಗುವುದು.

ಈ ರೂಢಿಯು ಹೊಯ್ಸಳರಿಂದ ಆರಂಭವಾದುದೂ ಅಲ್ಲ. 8ನೆಯ ಶತಮಾನದಲ್ಲಿ ಲೋಕಮಹಾದೇವಿಯು ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಶಾಸನಗಳಲ್ಲಿ ಸೂತ್ರಧಾರಿಯಾದ ಗುಂಡ ಅನಿವಾರಿತಾಚಾರಿಯೂ ಸರ್ವಸಿದ್ಧಿ ಆಚಾರಿಯೂ ಪ್ರಶಂಸಿತರಾಗಿರುವರು. ಅಲ್ಲಿಯ ಪಾಪನಾಥ ದೇವಾಲಯದಲ್ಲಿ ರೇವಡಿ ಓವಜ್ಜನ ಹೆಸರಿರುವುದು. ಆ 'ಓವಜ್ಜ'ನೂ ಬೇಲೂರಿನ 'ಓಜ'ನೂ ಒಂದೇ ಶಬ್ದದ ಎರಡು ವಯಸ್ಸುಗಳು.

ಅಂಕಿತಗಳಲ್ಲಿ ಹೆಸರಿಗಿಂತಲೂ ಬೆಲೆಯುಳ್ಳದ್ದು ಊರಿನ ಹೆಸರು. ದಾಸೋಜನೂ ಚಾವಣನೂ ಬಳ್ಳಿಗಾವೆಯವರು, ನಾಗೋಜನು ಗದುಗಿನವನು. ಬಳ್ಳಿಗಾವೆಯು ಬನವಾಸಿ ಪನ್ನಿರ್ಛಾಸಿರದ ರಾಜಧಾನಿ. ಗದುಗು ತ್ರಿಕೂಟೇಶ್ವರನ ಕ್ಷೇತ್ರ. ಎರಡೂ ಆಗ ಕಲ್ಯಾಣದ ಚಾಳುಕ್ಯ ಚಕ್ರವರ್ತಿಯಾದ 6ನೆಯ ವಿಕ್ರಮಾದಿತ್ಯನ ಆಳ್ವಿಕೆಗೆ ಸೇರಿದ್ದುವು. ವಿಷ್ಣುವರ್ಧನನು ಹೆಸರಿಗೆ ಆ ಚಕ್ರವರ್ತಿಯ ಸಾಮಂತನಾಗಿದ್ದರೂ ತಲಕಾಡನ್ನು ಚೋಳರಿಂದ ಗೆದ್ದು ಸ್ವತಂತ್ರನಾಗುವ ಹವಣಿನಲ್ಲಿದ್ದವನು. ಅಂಥವನ ವಿಜಯದ ಕಾಲದ ಗುಡಿಯನ್ನು ಚಾಳುಕ್ಯರ ನಾಡಿನಲ್ಲಿ ಕೈ ಪಳಗಿದವರು ಅಲಂಕರಿಸಿದರು. ಹೊಯ್ಸಳ ಶೈಲಿಯು ಚಾಳುಕ್ಯ ಶೈಲಿಯಿಂದ ಬೆಳೆಯಿತೆಂದು ವಿದ್ವಾಂಸರು ಕಂಬಗಳನ್ನೂ ಶಿಖರಗಳನ್ನೂ ಹೋಲಿಸಿ ಸಾಧಿಸಿದುದನ್ನು ಈ ಎರಡು ಮೂರು ಊರುಗಳ ಹೆಸರುಗಳು ನೇರವಾಗಿ ತಿಳಿಸುವುವು. ಶೈಲಿಯು ತಾನಾಗಿ ನಡೆದು ಬರಲಿಲ್ಲ. ಉಳಿ ಚಾಣಗಳನ್ನು ಹೊತ್ತ ತಂದೆ ಮಕ್ಕಳು ನಡೆದು ಬಂದರು.

ಬೇಲೂರಿನ ಹೊರಗೆ 38, ಒಳಗೆ 4, ಒಟ್ಟು 42 ಮದನಿಕೆಗಳಲ್ಲಿ ದಾಸೋಜನವು 4, ಚಾವಣನವು 5 ಎಂದು ಲೆಕ್ಕವುಂಟು. ಜಕಣ ಡಂಕಣರ ಕಥೆಯಲ್ಲಿ ಮಗನು ತಂದೆಯನ್ನು ಸೋಲಿಸುವನು. ತಂದೆಯು ಕೈಯನ್ನೇ ಕಳೆದುಕೊಳ್ಳುವನು. ಕಲ್ಲು ಹೇಳುವ ಚರಿತ್ರೆಯಲ್ಲಿ ತಂದೆ ಮಕ್ಕಳು ಒಂದೇ ಸೂರಿನ ಕೆಳಗೆ ಕೆಲಸ ಮಾಡಿ, ಮಗನು ತಂದೆಯ ಹೆಸರನ್ನು ತನ್ನ ಅಂಕಿತದಲ್ಲಿ ಸೇರಿಸಿಕೊಂಡಿರುವನು. ಕಥೆಯು ಈ ಸಂಗತಿಯಿಂದ ಹುಟ್ಟಿತೆಂದು ಹೇಳಲು ಆಧಾರವಿಲ್ಲ. ಆದರೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದವರಿಗೆ ಯಾವುದು ಹೆಚ್ಚು ಹೃದ್ಯವಾದುದೆಂಬ ಸಂದೇಹವಿರದು.

ಮಲ್ಲಿತಮ್ಮನ ವಿಷಯವು ಇನ್ನೂ ಜಟಿಲವಾದುದು. 2ನೆಯ ಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ಅಮೃತಾಪುರದ ದೇವಾಲಯದಲ್ಲಿ ಈ ಹೆಸರು ಕಾಣುವುದು. 1246ರ ನುಗ್ಗೆಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಉತ್ತರದ ಗೋಡೆಯ ವಿಗ್ರಹಗಳು ಮಲ್ಲಿತಮ್ಮನವು. ದಕ್ಷಿಣದವು ನಂದಿಯ ಬೈಚೋಜನವು. 3ನೆಯ ನರಸಿಂಹನ ಕಾಲದಲ್ಲಿ ಸೋಮನಾಥ ದಂಡನಾಯಕನು ಕಟ್ಟಿಸಿದ ಸೋಮನಾಥಪುರದ ಕೇಶವ ದೇವಾಲಯದಲ್ಲಿ, ನರಸಿಂಹಾಚಾರ್ಯರ ಎಣಿಕೆಯಂತೆ, ಗೋಡೆಯ 194 ದೊಡ್ಡ ವಿಗ್ರಹಗಳಲ್ಲಿ 40 ಈ ಹೆಸರಿನವು. ಮಸಣಿತಮ್ಮ, ಬಾಲೆಯ, ಚೌಡೆಯ, ನಂಜಯ ಮೊದಲಾದವರು ಅಲ್ಲಿಯ ಇತರರು. ಅಮೃತಾಪುರದಿಂದ ಸೋಮನಾಥಪುರದವರೆಗೆ 60 ವರುಷಗಳಿಗೂ ಮೀರಿದ ಅಂತರವಿರುವುದು. ಹುಡುಗನಾಗಿ ಆರಂಭಿಸಿ ಮುದುಕನಾಗುವವರೆಗೆ ಒಬ್ಬನೇ ದುಡಿದನೆಂದರೆ ಅಸಂಭವವಲ್ಲ; ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ನಾಡಿನಲ್ಲಿ ಇಬ್ಬರು ಮಲ್ಲಿತಮ್ಮರಿದ್ದರೆಂದರೂ ಅಸಂಭವವಲ್ಲ. ಕನ್ನಡದಲ್ಲಿ ಒಂದೇ ಹೆಸರಿನ ಇಬ್ಬರು ಮೂವರು ಕವಿಗಳನ್ನು ಬೇರ್ಪಡಿಸುವ ಕಷ್ಟವನ್ನು ಬಲ್ಲ ಅಧ್ಯಾಪಕರಿಗೆ ಇದು ಹೊಸ ಬಗೆಯ ತೊಡಕಲ್ಲ. ಅಲ್ಲಿ ಭಾಷೆಯನ್ನೂ ಶೈಲಿಯನ್ನೂ ಪರೀಕ್ಷಿಸುವಂತೆ ಇಲ್ಲಿ ಮುಖದ ಅಚ್ಚು, ಬೆರಳುಗಳ ಬಾಗು, ಒಡವೆಗಳ ಕೆಲಸ, ಪ್ರಭಾವಳಿಯ ಬಳ್ಳಿ ಇವುಗಳನ್ನು ಪರೀಕ್ಷಿಸಬೇಕಾಗುವುದು. ಕೆಲ್ಸನ್ ಕಾಲಿಯರ್ ಅವರು 1990ರಲ್ಲಿ ಮೈಸೂರಿನಿಂದ ಪ್ರಕಟವಾದ ಗ್ರಂಥದಲ್ಲಿ ಹೊಯ್ಸಳ ಶಿಲ್ಪಿಗಳ ಗುರುತನ್ನೂ ಶೈಲಿಗಳನ್ನೂ ಕುರಿತು ಈ ದಾರಿಯಲ್ಲಿಯೇ ವಿಚಾರ ನಡೆಸಿದರು.

ಅಂಕಿತವೇಕೆ ಎಂಬ ಪ್ರಶ್ನೆಯೂ ಉಳಿಯುವುದು. ಬೇಲೂರಿನಲ್ಲಿ ತಂದೆ, ಊರು, ಬಿರುದು ಎಲ್ಲವೂ ಇರುವುವು. ಸೋಮನಾಥಪುರದಲ್ಲಿ ಬರಿಯ ಹೆಸರು, ಅದೂ ಹಲವೆಡೆ ಮೊಟಕಾಗಿ ಒಂದೆರಡು ಅಕ್ಷರವಾಗಿರುವುದು. ಮೊದಲನೆಯದು ಪಂತದ ಮಾತು. ಎರಡನೆಯದು ಲೆಕ್ಕದ ಗುರುತಿನಂತೆ ತೋರುವುದು. ಯಾರು ಎಷ್ಟು ವಿಗ್ರಹ ಮಾಡಿದರೆಂದು ತಿಳಿದು ಕೂಲಿಯನ್ನು ಕೊಡುವುದಕ್ಕೆ ಅಂಥ ಗುರುತು ಸಹಾಯವಾದೀತು. ಇದು ಊಹೆಯೇ ಆದರೂ, ಅಂಕಿತಗಳನ್ನೆಲ್ಲ ಒಂದೇ ಅರ್ಥದಲ್ಲಿ ಗ್ರಹಿಸಬಾರದೆಂಬ ಎಚ್ಚರವು ಅವಶ್ಯಕ. ಯಜಮಾನ ಓಜನ ಹೆಸರಿನ ಕೆಳಗೆ ಶಿಷ್ಯರ ಕೈಯೂ ಇರಬಹುದು. ಹಳೇಬೀಡಿನ ದಕ್ಷಿಣ ದ್ವಾರದಲ್ಲಿ ನರಸಿಂಹನ ಮುಖ್ಯ ಸ್ಥಪತಿಯಾದ ಕೇದಾರೋಜನ ಹೆಸರೂ, ಅವನಿಗಾಗಿ ಮಕರತೋರಣವನ್ನು ಕಡೆದ ಕಾಳಿದಾಸಿಯ ಹೆಸರೂ ಒಟ್ಟಿಗಿರುವುದು ಈ ಏರ್ಪಾಡಿನ ಒಂದು ಮುಖವನ್ನು ತೋರಿಸುವುದು. ಅಂಕಿತವಿಲ್ಲದ ವಿಗ್ರಹಗಳ ಸಂಖ್ಯೆಯಾದರೋ ಅಂಕಿತವುಳ್ಳವಕ್ಕಿಂತ ಬಹಳ ಹೆಚ್ಚು. ಅವುಗಳನ್ನು ಕಡೆದವರ ಹೆಸರು ಎಂದೆಂದಿಗೂ ತಿಳಿಯಲಾರದು.

ಜಕಣಾಚಾರಿಯ ಹೆಸರು ಜನಮನದಲ್ಲಿ ನಿಂತುಹೋಗಿದೆ. 1964ರಲ್ಲಿ ತೆರೆಕಂಡ ಚಲನಚಿತ್ರದಿಂದಲೂ, ಶಿಲ್ಪಿಗಳಿಗೆ ಸರ್ಕಾರವು ಕೊಡುವ ಪ್ರಶಸ್ತಿಯಿಂದಲೂ ಅದು ಇನ್ನಷ್ಟು ದೃಢವಾಗಿದೆ. ಶಿಲ್ಪಿಯೊಬ್ಬನು ಸ್ಮರಣೀಯನೆಂಬ ಭಾವನೆಯನ್ನು ಕಾಪಾಡಿದುದು ಆ ಕಥೆಯ ಉಪಕಾರ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಸಮಸ್ತ ಕೆಲಸವನ್ನೂ ಒಬ್ಬನಿಗೆ ಒಪ್ಪಿಸಿದಾಗ, ತಮ್ಮ ಹೆಸರನ್ನು ಕಲ್ಲಿನಲ್ಲಿ ತಾವೇ ಬರೆದಿಟ್ಟವರಿಗೆ ಅನ್ಯಾಯವಾಗುವುದು. ಪಂಪ ರನ್ನ ಜನ್ನರ ಕಾವ್ಯಗಳನ್ನೆಲ್ಲ ಕಲ್ಪಿತನಾದ ಒಬ್ಬ ಕವಿಗೆ ಸೇರಿಸಿದರೆ ಸಾಹಿತ್ಯದ ಅಧ್ಯಾಪಕರು ಸಹಿಸುವರೇ? ದಾಸೋಜ, ಚಾವಣ, ಮಲ್ಲಿತಮ್ಮರ ವಿಷಯದಲ್ಲಿ ಅಂತಹುದೇ ನಡೆದಿದ್ದರೂ ಸಹಿಸಿಬಂದಿರುವುದು ಆಶ್ಚರ್ಯಕರ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಯಲ್ಲಿ ಸೇರಿದುವು. ನೋಡಬರುವವರು ಹೆಚ್ಚುವರು, ವಿದ್ಯಾರ್ಥಿಗಳನ್ನು ಕರೆದುಕೊಂಡು ಬರುವ ಉಪಾಧ್ಯಾಯರೂ ಅವರಲ್ಲಿರುವರು. ವಿಗ್ರಹದ ಮುಖವನ್ನು ನೋಡಿದ ಮೇಲೆ ಅದರ ಪಾದದ ಕೆಳಗಿನ ಪಟ್ಟಿಯನ್ನೂ ನೋಡುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಿದರೆ ಅದಕ್ಕಿಂತ ಒಳ್ಳೆಯ ಹಳಗನ್ನಡದ ಪಾಠವು ಬೇರೊಂದಿಲ್ಲ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತುವಾಗಿದ್ದು ಗಾಳಿಗೆ ಬಂದು ಗಟ್ಟಿಯಾಗುವುದು. ಆದರೂ ಮಳೆಗೂ ಮುಟ್ಟುವ ಕೈಗಳಿಗೂ ಬೆರಳಗಲದ ಅಕ್ಷರಗಳು ಸವೆಯದಿರವು. ಅವು ಓದಲು ಬರುವಷ್ಟು ಕಾಲ ಓದಿಕೊಳ್ಳುವುದು, ಓದಿದುದನ್ನು ಅಚ್ಚಿನಲ್ಲಿ ಉಳಿಸುವುದು, ಇವೆರಡೂ ಕನ್ನಡ ವಿದ್ವಾಂಸರ ಮೇಲಿರುವ ಋಣ. ಆ ಋಣವು ಪೂರ್ತಿಯಾಗಿ ಇನ್ನೂ ಸಂದಿಲ್ಲ.