ಸಕ್ಕರೆಯ ಗಿಳಿಯೂ ಹಿಟ್ಟಿನ ಕೋಳಿಯೂ

ಕಾರ್ತಿಕ ಶುದ್ಧ ಪೂರ್ಣಿಮೆಯನ್ನು ಧಾರವಾಡ ಸೀಮೆಯಲ್ಲಿ ಗೌರಿ ಹುಣ್ಣಿಮೆಯೆಂದು ಕರೆಯುವುದು ರೂಢಿ. ಅಣ್ಣಿಗೇರಿಯ ಸುತ್ತಿನ ಈ ನಾಡಿನಲ್ಲಿ ಆ ಹಬ್ಬವೆಂದರೆ ಸಕ್ಕರೆ ಆರತಿ. ಹೆಣ್ಣುಮಕ್ಕಳು ಸಕ್ಕರೆಯ ಗೊಂಬೆಗಳನ್ನು ತಟ್ಟೆಯಲ್ಲಿರಿಸಿ ಗೌರಿಗೆ ಬೆಳಗುತ್ತಾರೆ. ಮದುವೆ ನಿಶ್ಚಯವಾದ ಕನ್ಯೆಗೆ ವರನ ಮನೆಯಿಂದ ಸೀರೆಯೊಡನೆ ಸಕ್ಕರೆ ಆರತಿ ಬರುತ್ತದೆ. ಶ್ರಾವಕರಿಗಾದರೋ ಅದೇ ಪೂರ್ಣಿಮೆಯು ನಂದೀಶ್ವರ ಅಷ್ಟಾಹ್ನಿಕ ಪರ್ವದ ಕೊನೆಯ ದಿನ.

ಸಕ್ಕರೆಯ ಪಾಕಕ್ಕೆ ಹಾಲು, ನಿಂಬೆರಸ ಬಿಟ್ಟು ಕೊಳೆ ತೆಗೆದು, ನೀರಿನಲ್ಲಿ ನೆನೆಸಿದ ಮರದ ಅಚ್ಚುಗಳನ್ನು ಜೋಡಿಸಿ ಕಟ್ಟಿ, ಬಿಸಿ ಇರುವಾಗಲೇ ಹೊಯ್ಯುತ್ತಾರೆ. ಕೆಲವೇ ನಿಮಿಷಗಳಲ್ಲಿ ತೇರು, ಗೋಪುರ, ತುಳಸಿಕಟ್ಟೆ, ಆನೆ, ಕುದುರೆ, ಗಿಳಿ, ನವಿಲುಗಳು ಹೊರಬರುತ್ತವೆ. (ಇಂಗ್ಲಿಷಿನ ‘ಕ್ಯಾಂಡಿ’ಯೂ ನಮ್ಮ ‘ಖಂಡ’ ಶಬ್ದದಿಂದಲೇ ಹೊರಟದ್ದು.) ಹಬ್ಬ ಮುಗಿದ ಮೇಲೆ ಇವು ಮಕ್ಕಳ ಪಾಲು. ಗಿಳಿಯ ಕೊರಳನ್ನು ಮೊದಲು ಮುರಿಯಬೇಕೋ ಬಾಲವನ್ನೋ ಎಂದು ಅವರು ಜಗಳವಾಡುವಾಗ ಮನೆಯ ಹಿರಿಯರಲ್ಲಿ ಕೆಲವರಿಗೆ ಅಳುಕು ಹುಟ್ಟುವುದುಂಟು.

ಆ ಅಳುಕಿಗೆ ಸಾವಿರ ವರ್ಷದ ಹಿನ್ನೆಲೆಯಿದೆ. ಅಣ್ಣಿಗೇರಿಯು ಪಂಪನ ತಾಯಿಯ ಕಡೆಯ ಊರು. ಅಬ್ಬಣಬ್ಬೆಯು ಅಲ್ಲಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಪಂಪನ ತಮ್ಮ ಜಿನವಲ್ಲಭನ ಶಾಸನವು ತಿಳಿಸುತ್ತದೆ. ಪಂಪನಿಗೆ ಆಶ್ರಯವಿತ್ತ ವೇಮುಲವಾಡದ ಚಾಳುಕ್ಯರ ಆಳ್ವಿಕೆಯಲ್ಲಿಯೇ ಸೋಮದೇವಸೂರಿಯು 959ರಲ್ಲಿ ‘ಯಶಸ್ತಿಲಕ’ವನ್ನು ಮುಗಿಸಿದನು. ಅದೇ ಕಥೆಯನ್ನು ಜನ್ನನು 1209ರಲ್ಲಿ ‘ಯಶೋಧರ ಚರಿತೆ’ಯಾಗಿ ಕನ್ನಡಿಸಿದನು. ಜೀವಬಲಿಗೆ ಒಪ್ಪದ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ದೇವಿಗೆ ಕಡಿದನು. ಒಂದು ಹನಿ ರಕ್ತವೂ ಬೀಳಲಿಲ್ಲ. ಆದರೂ ತಾಯಿಮಕ್ಕಳು ನವಿಲು, ನಾಯಿ ಮೊದಲಾದ ತಿರ್ಯಗ್ಜನ್ಮಗಳಲ್ಲಿ ತೊಳಲಿದರು.

ಹಾಗಾದರೆ ಸಕ್ಕರೆಯ ಗಿಳಿಯನ್ನು ತಿನ್ನುವ ಮಗುವೂ ದೋಷಿಯೇ? ಹಾಗೆನ್ನುವುದು ಕಥೆಯನ್ನು ತಪ್ಪಾಗಿ ಓದಿದಂತೆ. ಯಶೋಧರನನ್ನು ಕಟ್ಟಿದ್ದು ಹಿಟ್ಟಿನ ಆಕಾರವಲ್ಲ, ಕತ್ತಿಯೆತ್ತಿದಾಗ ಅವನಲ್ಲಿದ್ದ ‘ಕೋಳಿಯನ್ನು ಕೊಲ್ಲುತ್ತಿದ್ದೇನೆ’ ಎಂಬ ಭಾವ. ಶಾಸ್ತ್ರವು ಸಂಕಲ್ಪೀ ಹಿಂಸೆಯೆನ್ನುವುದು ಇದನ್ನೇ. ಗೃಹಸ್ಥನಿಗೆ ಅನಿವಾರ್ಯವಾದ ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳಿಂದ ಅದನ್ನು ಬೇರೆಯಾಗಿ ಎಣಿಸುತ್ತದೆ. ಮಗುವಿಗಿರುವುದು ಸಿಹಿಯ ಆಸೆ ಮಾತ್ರ. ಆದರೆ ‘ಕೊರಳು ಮುರಿ, ತಲೆ ಕಡಿ’ ಎಂದು ನಗುತ್ತ ಹುರಿದುಂಬಿಸುವ ದೊಡ್ಡವರ ಮಾತು ಅಷ್ಟು ನಿರ್ದೋಷಿಯಲ್ಲ. ಆಟದ ನೆಪದಲ್ಲಿ ಸಂಕಲ್ಪವನ್ನು ಕಲಿಸುವುದು ಆ ಮಾತೇ.

ಬೀಗರ ಮನೆಯಿಂದ ಬಂದ ಆರತಿಯನ್ನು ಗಿಳಿಯಿದೆಯೆಂದು ತಿರುಗಿ ಕಳುಹಿಸುವುದು ಮನ ನೋಯಿಸುವ ಕೆಲಸ, ಅದಕ್ಕೆ ಕಾರಣವಿಲ್ಲ. ಆದರೆ ಮನೆಗೆ ತಾವೇ ಕೊಳ್ಳುವಾಗ, ಅಷ್ಟಾಹ್ನಿಕದ ಕೊನೆಯ ದಿನ ಬಸದಿಯಲ್ಲಿ ಮಕ್ಕಳಿಗೆ ಹಂಚುವಾಗ, ತೇರು ಗೋಪುರಗಳನ್ನೇ ಆರಿಸಿಕೊಳ್ಳಬಹುದು. ಪಾಕವೂ ಒಂದೇ, ರುಚಿಯೂ ಒಂದೇ. ಬದಲಾಗಬೇಕಾದದ್ದು ಅಚ್ಚು ಮಾತ್ರ.