ಮಳಖೇಡ ಸೀಮೆಯಲ್ಲಿ ಶಾಸ್ತ್ರಸಂಜ್ಞೆಗಳ ಅಭ್ಯಾಸ

ಯಾವ ಶಾಸ್ತ್ರಕ್ಕಾದರೂ ಅದರ ಸಂಜ್ಞೆಗಳೇ ಹೆಬ್ಬಾಗಿಲು. ಸಂಜ್ಞೆಯ ಅರ್ಥವನ್ನರಿಯದವನಿಗೆ ಗ್ರಂಥವು ಕೈಯಲ್ಲಿದ್ದರೂ ಶಾಸ್ತ್ರವು ದೂರವೇ ಸರಿ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ವಿದ್ಯಾರ್ಥಿಗಳಿಗೆ ಈ ಮಾತಿನ ಸತ್ಯವು ಅನುಭವಸಿದ್ಧವಾಗಿದೆ. ಹತ್ತನೆಯ ತರಗತಿಯವರೆಗೆ ಗಣಿತವನ್ನೂ ವಿಜ್ಞಾನವನ್ನೂ ಕನ್ನಡದಲ್ಲಿ ಓದಿದ ವಿದ್ಯಾರ್ಥಿಯು ಕಾಲೇಜನ್ನು ಸೇರಿದೊಡನೆಯೇ ಅವನ್ನು ಇಂಗ್ಲಿಷಿನಲ್ಲಿ ಓದಬೇಕಾಗುವುದು. ವಿಷಯವನ್ನು ಬಲ್ಲವನೂ ಪದವನ್ನರಿಯದ ಕಾರಣದಿಂದ ಹಿಂದೆ ಬೀಳುವನು. ತನಗೆ ಬುದ್ಧಿಯೇ ಸಾಲದೆಂದು ಭ್ರಮಿಸಿ ಶಾಸ್ತ್ರವನ್ನೇ ತೊರೆಯುವುದೂ ಉಂಟು. ಇದಕ್ಕೆ ಪರಿಹಾರವೆಂದು ಸಾಮಾನ್ಯವಾಗಿ ಅವನ ಕೈಗೆ ಬರುವುದು ಕಠಿನಪದಗಳ ಒಂದು ಪಟ್ಟಿ. ಆದರೆ ಪರಭಾಷೆಯ ಶಾಸ್ತ್ರಪದಗಳನ್ನು ಕಲಿಯಬೇಕಾದ ಪ್ರಸಂಗವು ಈ ಸೀಮೆಗೆ ಹೊಸದಲ್ಲ. ಸುಮಾರು ಸಾವಿರದ ಇನ್ನೂರು ವರ್ಷಗಳಲ್ಲಿ ಸಂಸ್ಕೃತ, ಉರ್ದು, ಇಂಗ್ಲಿಷು ಎಂದು ಮೂರು ಬಾರಿ ಅದು ಒದಗಿದೆ. ಮೊದಲನೆಯ ಬಾರಿ ಪೂರ್ವಿಕರು ಹಿಡಿದ ಕ್ರಮವನ್ನು ಪರಿಶೀಲಿಸಿದರೆ ಪಟ್ಟಿಗಿಂತ ಉತ್ತಮವಾದ ಮಾರ್ಗವೊಂದು ಗೋಚರವಾಗುವುದು.

ಸೇಡಂ ತಾಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವೆಂಬುದು ವಿದಿತವಾದ ಸಂಗತಿ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನು ಆಳುತ್ತಿದ್ದಾಗ ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ರಚಿಸಿ ಅದರ ಆರಂಭದಲ್ಲಿ ಆ ದೊರೆಯನ್ನು ಸ್ತುತಿಸಿರುವನು. ಈ ಗ್ರಂಥದ ಒಂಬತ್ತು ಅಧಿಕಾರಗಳಲ್ಲಿ ಮೊದಲನೆಯದರ ಹೆಸರೇ ಸಂಜ್ಞಾಧಿಕಾರ. ಲೆಕ್ಕವನ್ನು ಮಾಡಿಸುವುದಕ್ಕೆ ಮೊದಲು ಆಚಾರ್ಯನು ನೆಲದ ಅಳತೆ, ಕಾಲದ ಅಳತೆ, ಧಾನ್ಯ, ಚಿನ್ನ, ಬೆಳ್ಳಿ, ಲೋಹ ಇವುಗಳ ಮಾನಗಳ ಹೆಸರುಗಳನ್ನೂ, ಗಣಿತಕ್ರಿಯೆಗಳ ಹೆಸರುಗಳನ್ನೂ, ಅಂಕಿಗಳನ್ನು ಸೂಚಿಸುವ ಶಬ್ದಗಳನ್ನೂ ಕ್ರಮವಾಗಿ ನಿರೂಪಿಸುವನು. ಏಕದಿಂದ ಮಹಾಕ್ಷೋಭದವರೆಗೆ ೨೪ ಸ್ಥಾನಗಳ ಹೆಸರುಗಳನ್ನು ಹೇಳಿದ ಬಳಿಕವೇ ಮುಂದಿನ ಅಧಿಕಾರಗಳಿಗೆ ಪ್ರವೇಶ. ಅಲ್ಲಿ ಆ ಸಂಜ್ಞೆಗಳು ಹಣ್ಣು, ಹೂವು, ದುಂಬಿ, ಆನೆ, ಚಿನ್ನದ ವ್ಯಾಪಾರ ಮೊದಲಾದ ಪರಿಚಿತ ವಸ್ತುಗಳ ಲೆಕ್ಕಗಳಲ್ಲಿ ಮತ್ತೆ ಮತ್ತೆ ಬಂದು ಓದುವವನ ಮನಸ್ಸಿನಲ್ಲಿ ನೆಲೆಗೊಳ್ಳುವುವು.

ಆ ಕಾಲದ ಈ ನಾಡಿನ ವಿದ್ಯಾರ್ಥಿಯ ಮನೆಮಾತು ಸಂಸ್ಕೃತವಾಗಿರಲಿಲ್ಲವೆಂಬುದನ್ನು ಇಲ್ಲಿ ಮರೆಯಲಾಗದು. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡದ ನಾಡೆಂದು ಕರೆದ ಕವಿರಾಜಮಾರ್ಗವು ಹುಟ್ಟಿದುದು ಇದೇ ಆಸ್ಥಾನದಲ್ಲಿ, ಇದೇ ದೊರೆಯ ಕಾಲದಲ್ಲಿ. ಆದುದರಿಂದ ಸಂಜ್ಞಾಧಿಕಾರವು ಪರಭಾಷೆಯ ಮೂಲಕ ಶಾಸ್ತ್ರವನ್ನು ಸೇರಬೇಕಾಗಿದ್ದವರಿಗೂ ಕಟ್ಟಿದ ಸೋಪಾನವೆನ್ನಬಹುದು. ಈ ಸೋಪಾನದಿಂದ ಫಲವೂ ಉಂಟಾಯಿತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಮಹಾವೀರನ ಗ್ರಂಥವನ್ನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತ ಮೊದಲಾದ ಗಣಿತಗ್ರಂಥಗಳನ್ನು ಕನ್ನಡದಲ್ಲಿಯೇ ಬರೆದನು. ಪರಭಾಷೆಯ ಸಂಜ್ಞೆಯನ್ನು ಚೆನ್ನಾಗಿ ಕಲಿತ ನಾಡು ಕಾಲಕ್ರಮದಲ್ಲಿ ಸ್ವಭಾಷೆಯಲ್ಲಿ ಶಾಸ್ತ್ರವನ್ನು ಹೇಳುವ ಶಕ್ತಿಯನ್ನು ಪಡೆಯಿತು.

ಪರಭಾಷಾಪದಗಳನ್ನು ಕೂಡಿಸುವ ಬಗೆಯಲ್ಲಿಯೂ ಕವಿರಾಜಮಾರ್ಗಕಾರನು ವಿವೇಕವನ್ನು ತೋರಿರುವನು. ಸಂಸ್ಕೃತಪದಗಳು ಕನ್ನಡದಲ್ಲಿ ಬರಬಾರದೆಂಬುದು ಅವನ ಅಭಿಪ್ರಾಯವಲ್ಲ. ಆದರೆ ಎರಡು ಭಾಷೆಗಳ ಪದಗಳನ್ನು ಒಂದೇ ಸಮಾಸದಲ್ಲಿ ಕಟ್ಟುವುದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿಗಳನ್ನು ಬೆರಸಿದಂತೆ ಎಂದು ಅವನು ಎಚ್ಚರಿಸುವನು. ಎರವಲು ಪದವನ್ನು ಬಳಸುವವನು ಅದರ ಸ್ವಭಾವವನ್ನು ತಿಳಿದು ಬಳಸಬೇಕೆಂಬುದೇ ಇದರ ತಾತ್ಪರ್ಯ.

ಸಂಜ್ಞೆಗಳ ಜೊತೆಗೆ ಕೋಶಗಳೂ ಬೇಕಾದುವು. ಕನ್ನಡದ ಹಳೆಯ ಕೋಶವಾದ ರನ್ನಕಂದವು ಹತ್ತನೆಯ ಶತಮಾನದ ರನ್ನನ ಹೆಸರಿನಲ್ಲಿದೆ. ಸಂಸ್ಕೃತಪದಗಳಿಗೆ ಕನ್ನಡದಲ್ಲಿ ಅರ್ಥ ಹೇಳುವ ಅಭಿಧಾನವಸ್ತುಕೋಶವು ನಾಗವರ್ಮನದು. ಮಾನ್ಯಖೇಟದ ಇತಿಹಾಸಕ್ಕೂ ಒಂದು ಕೋಶಕ್ಕೂ ವಿಚಿತ್ರವಾದ ಸಂಬಂಧವುಂಟು. ಕ್ರಿ. ಶ. ೯೭೨ರಲ್ಲಿ ಮಾಳವದ ಪರಮಾರರು ಈ ನಗರವನ್ನು ಕೊಳ್ಳೆಹೊಡೆದರು. ಧಾರಾನಗರದ ಧನಪಾಲನು ಪಾಇಯಲಚ್ಛೀ ಎಂಬ ಪ್ರಾಕೃತ ನಾಮಮಾಲೆಯನ್ನು ತನ್ನ ತಂಗಿ ಸುಂದರಿಗಾಗಿ ರಚಿಸಿದನು. ಅದರ ರಚನಾಕಾಲವನ್ನು ಹೇಳುವಾಗ ಈ ಕೊಳ್ಳೆಯನ್ನೇ ಗುರುತಾಗಿ ಕೊಟ್ಟಿರುವನು. ನಗರವು ಹಾಳಾದ ವರ್ಷವು ನಮಗೆ ನಿಶ್ಚಿತವಾಗಿ ತಿಳಿಯುವುದಕ್ಕೆ ಕಲಿಯುವವಳೊಬ್ಬಳಿಗಾಗಿ ಬರೆದ ಪದಕೋಶವು ಸಾಕ್ಷಿಯಾಯಿತು. ಇಂತಹ ಪ್ರಾಚೀನಕೋಶಗಳಲ್ಲಿ ಪದಗಳು ಬಹುಮಟ್ಟಿಗೆ ವಸ್ತುವಿಗನುಸಾರವಾಗಿ, ಪರ್ಯಾಯಗಳೊಡನೆ, ಪದ್ಯರೂಪದಲ್ಲಿ ಬರುವುವು, ಅಕಾರಾದಿಯಾಗಿ ಅಲ್ಲ. ಒಂದು ಪದವನ್ನು ಕಲಿತವನು ಅದರ ಬಳಗವನ್ನೇ ಕಲಿಯುತ್ತಿದ್ದನು.

ಕೋಶದಿಂದಲೇ ಶಾಸ್ತ್ರಜ್ಞಾನವು ಪೂರ್ಣವಾಗುವುದಿಲ್ಲವೆಂಬುದಕ್ಕೆ ಚಿತ್ತಾಪುರದ ಸಮೀಪದ ನಾಗಾವಿಯೇ ನಿದರ್ಶನ. ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದ, ಕ್ರಿ. ಶ. ೧೦೫೮ರ ಶಾಸನವು ಅಲ್ಲಿಯ ಘಟಿಕಾಸ್ಥಾನವನ್ನು ವರ್ಣಿಸುತ್ತದೆ. ೨೦೦ ಮಂದಿ ವೇದವಿದ್ಯಾರ್ಥಿಗಳಿಗೂ ಸುಮಾರು ೫೦ ಮಂದಿ ಶಾಸ್ತ್ರವಿದ್ಯಾರ್ಥಿಗಳಿಗೂ ಅಲ್ಲಿ ಆಶ್ರಯವಿದ್ದಿತು. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು. ಅವರಲ್ಲದೆ ಸರಸ್ವತೀಭಂಡಾರಿಗರು, ಎಂದರೆ ಗ್ರಂಥಪಾಲಕರು, ಆರು ಮಂದಿ. ಪಾಠ ಹೇಳುವವರು ಎಷ್ಟೋ ಗ್ರಂಥಗಳನ್ನು ಕಾಯುವವರೂ ಅಷ್ಟೇ ಎಂಬುದು ವಿಚಾರಣೀಯ. ಮೀಮಾಂಸೆಯಂತಹ ಶಾಸ್ತ್ರದ ಪದವು ಒಂದು ಸಲ ಅರ್ಥ ಕೇಳಿದ ಮಾತ್ರಕ್ಕೆ ವಶವಾಗದು. ಹಲವು ಗ್ರಂಥಗಳಲ್ಲಿ, ಹಲವು ಪ್ರಕರಣಗಳಲ್ಲಿ ಅದನ್ನು ಕಂಡವನಿಗೆ ಮಾತ್ರ ಅದು ಸ್ವಂತವಾಗುವುದು. ಗ್ರಂಥಭಂಡಾರವಿಲ್ಲದ ಪಾಠಶಾಲೆಯಲ್ಲಿ ಪದಸಂಪತ್ತು ಬೆಳೆಯದೆಂಬುದನ್ನು ನಾಗಾವಿಯವರು ಬಲ್ಲವರಾಗಿದ್ದರು.

ಹಿಂದೆ ಚಿತ್ತಾಪುರ ತಾಲೂಕಿಗೆ ಸೇರಿದ್ದು ಈಗ ತಾನೇ ಒಂದು ತಾಲೂಕಾಗಿರುವ ಶಹಾಬಾದದ ಬಳಿಯಲ್ಲಿ ಮರತೂರು ಎಂಬ ಗ್ರಾಮವಿದೆ. ಮಿತಾಕ್ಷರಾಕಾರನಾದ ವಿಜ್ಞಾನೇಶ್ವರನು ಈ ಊರಿನವನೆಂದು ಶಾಸನಾಧಾರದಿಂದ ವಿದ್ವಾಂಸರು ಪ್ರತಿಪಾದಿಸಿರುವರು. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ರಚಿತವಾದ ಈ ವ್ಯಾಖ್ಯಾನದಲ್ಲಿ ದಾಯವಿಭಾಗದ ಪ್ರಕರಣವು ದಾಯವೆಂದರೇನೆಂಬ ನಿರ್ವಚನದಿಂದಲೇ ಆರಂಭವಾಗುತ್ತದೆ: ಒಡೆಯನೊಡನೆ ಇರುವ ಸಂಬಂಧವೊಂದರಿಂದಲೇ ಮತ್ತೊಬ್ಬನದಾಗುವ ಧನವು ದಾಯ. ಅದು ಅಪ್ರತಿಬಂಧ, ಸಪ್ರತಿಬಂಧ ಎಂದು ಎರಡು ಬಗೆ. ಪದದ ಎಲ್ಲೆಯನ್ನು ಗೊತ್ತುಮಾಡಿದ ಮೇಲೆಯೇ ವಿವಾದಕ್ಕೆ ಪ್ರವೇಶ. ಕೋಲ್‌ಬ್ರೂಕನು ೧೮೧೦ರಲ್ಲಿ ಈ ಭಾಗವನ್ನು ಇಂಗ್ಲಿಷಿಗೆ ಪರಿವರ್ತಿಸಿದಾಗ ಈ ನಿರ್ವಚನಗಳೇ ಆಂಗ್ಲ ನ್ಯಾಯಾಲಯಗಳ ಪರಿಭಾಷೆಯಾದುವು. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿಯೂ, ೨೦೦೫ರ ಅದರ ತಿದ್ದುಪಡಿಯಲ್ಲಿಯೂ ಮಿತಾಕ್ಷರಾ ಎಂಬ ಶಬ್ದವು ಇಂಗ್ಲಿಷ್ ವಾಕ್ಯದ ನಡುವೆ ನಿಂತಿದೆ. ನಿರ್ವಚನವು ಖಚಿತವಾಗಿದ್ದ ಸಂಜ್ಞೆಯು ಭಾಷೆಯನ್ನು ದಾಟಿಯೂ ಬಾಳಿತು.

ಎರಡನೆಯ ಪ್ರಸಂಗವು ಹೈದರಾಬಾದು ಸಂಸ್ಥಾನದ ಕಾಲದ್ದು. ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ಪಾರಸಿಯ ಬದಲು ಉರ್ದುವು ಆಡಳಿತಭಾಷೆಯಾಯಿತು. ೧೯೧೭ರಲ್ಲಿ ಭಾಷಾಂತರ ಕಾರ್ಯಾಲಯವೂ ೧೯೧೮ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯವೂ ಸ್ಥಾಪಿತವಾದುವು. ಅಲ್ಲಿ ಎಲ್ಲ ಶಾಸ್ತ್ರಗಳನ್ನೂ ಉರ್ದುವಿನಲ್ಲಿಯೇ ಬೋಧಿಸುವುದಕ್ಕಾಗಿ ಅರಬ್ಬಿ ಪಾರಸಿ ಮೂಲಗಳಿಂದ ಸಾವಿರಾರು ಪದಗಳನ್ನು ರಚಿಸಿದರು. ಪದರಚನೆಯ ನಿಯಮಗಳನ್ನು, ಉಪಸರ್ಗ ಪ್ರತ್ಯಯಗಳ ಪ್ರಯೋಗವನ್ನು ಕುರಿತು ವಹೀದುದ್ದೀನ್ ಸಲೀಮನು ೧೯೨೧ರಲ್ಲಿ ವಜೇ ಇಸ್ತಿಲಾಹಾತ್ ಎಂಬ ಗ್ರಂಥವನ್ನೇ ಬರೆದನು. ದೇಶಭಾಷೆಯೊಂದು ಉನ್ನತಶಾಸ್ತ್ರಗಳನ್ನು ಧರಿಸಬಲ್ಲುದೆಂದು ತೋರಿಸಿದ ಈ ಉದ್ಯಮವು ಶ್ಲಾಘ್ಯವಾದುದೇ. ಆದರೆ ಸೇಡಂ ಚಿಂಚೋಳಿಗಳ ಕನ್ನಡ ಬಾಲಕನಿಗೆ ಆ ಪದಗಳ ಧಾತುವೂ ಅಪರಿಚಿತ, ಲಿಪಿಯೂ ಅಪರಿಚಿತ. ೧೯೪೮ರಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾದ ಬಳಿಕ ಆ ವಿಶ್ವವಿದ್ಯಾನಿಲಯದ ಬೋಧನೆಯು ಇಂಗ್ಲಿಷಿಗೆ ತಿರುಗಿತು. ಕಷ್ಟಪಟ್ಟು ಕಲಿತ ಪರಿಭಾಷೆಯನ್ನು ಬದಿಗಿರಿಸಿ ಮತ್ತೊಂದನ್ನು ಮೊದಲಿನಿಂದ ಕಲಿಯಬೇಕಾಯಿತು. ೧೯೫೬ರಲ್ಲಿ ಈ ಪ್ರದೇಶವು ಮೈಸೂರು ರಾಜ್ಯವನ್ನು ಸೇರಿದಾಗ ಶಾಲೆಯ ಭಾಷೆಯು ಕನ್ನಡವಾಯಿತಾದರೂ ಉನ್ನತವಿಜ್ಞಾನದ ಭಾಷೆಯು ಇಂಗ್ಲಿಷೇ ಆಗಿ ಉಳಿಯಿತು.

ಇಂಗ್ಲಿಷ್ ಪದಗಳಾದರೋ ಅದಕ್ಕೆ ಮೊದಲೇ ಬಂದಿದ್ದುವು. ಶಹಾಬಾದ ವಾಡಿಗಳ ಮೇಲೆ ಹಾದ ರೈಲುಮಾರ್ಗವು ೧೮೭೧ರಲ್ಲಿ ರಾಯಚೂರನ್ನು ಮುಟ್ಟಿತು. ೧೮೭೪ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಮಾರ್ಗವು ತೆರೆಯಿತು. ರೈಲು, ಟೇಷನ್ನು, ಸಿಗ್ನಲ್ಲು, ಗಾರ್ಡು ಎಂಬ ಮಾತುಗಳನ್ನು ಯಾರೂ ಪಟ್ಟಿಯಿಂದ ಕಲಿಯಲಿಲ್ಲ. ವಸ್ತುವು ಕಣ್ಣೆದುರಿಗೆ ನಿಂತಿತು, ಪದವು ಬಾಯಿಗೆ ಬಂದಿತು. ಕಣ್ಣಿಗೆ ಕಾಣದ ಅರ್ಥವುಳ್ಳ ಶಾಸ್ತ್ರಪದಗಳಿಗೆ ಮಾತ್ರ ಇಂತಹ ಸೌಲಭ್ಯವಿಲ್ಲ. ಅವುಗಳಿಗೆ ಬೇಕಾದುದು ಮಹಾವೀರ ವಿಜ್ಞಾನೇಶ್ವರರ ಕ್ರಮ.

ಆ ಕ್ರಮದ ಮೊದಲನೆಯ ಅಂಗವು ವ್ಯುತ್ಪತ್ತಿ. ಈ ಸೀಮೆಯ ನೆಲದಲ್ಲೆಲ್ಲ ಹರಡಿರುವ ಸುಣ್ಣಕಲ್ಲನ್ನೇ ಉದಾಹರಣೆಯಾಗಿ ಗ್ರಹಿಸಬಹುದು. ಲ್ಯಾಟಿನ್ ಭಾಷೆಯಲ್ಲಿ ಕ್ಯಾಲ್ಕ್ಸ್ ಎಂದರೆ ಸುಣ್ಣ. ಅದರಿಂದ ಸುಣ್ಣದ ಮೂಲಧಾತುವಿಗೆ ಕ್ಯಾಲ್ಸಿಯಂ ಎಂಬ ಹೆಸರನ್ನು ೧೮೦೮ರಲ್ಲಿ ಡೇವಿಯು ಇಟ್ಟನು. ಕಲ್ಲಿನೊಳಗಿನ ಖನಿಜವು ಕ್ಯಾಲ್ಸೈಟ್. ಸಿಮೆಂಟಿನ ಕಾರ್ಖಾನೆಯಲ್ಲಿ ಅದನ್ನು ಸುಡುವ ಕ್ರಿಯೆಯು ಕ್ಯಾಲ್ಸಿನೇಷನ್. ಅದೇ ಕ್ಯಾಲ್ಕ್ಸಿನ ಅಲ್ಪಾರ್ಥಕರೂಪವಾದ ಕ್ಯಾಲ್ಕ್ಯುಲಸ್ ಎಂದರೆ ಬೆಣಚು, ಎಣಿಸುವ ಹರಳು. ಅದರಿಂದ ಗಣಿತದ ಕ್ಯಾಲ್ಕ್ಯುಲಸ್, ಎಣಿಕೆಯ ಕ್ಯಾಲ್ಕ್ಯುಲೇಟ್. ಒಂದು ಧಾತುವಿನಿಂದ ಐದು ಸಂಜ್ಞೆಗಳು ಬಿಡಿಸಿಕೊಂಡುವು. ಧಾತು ಪ್ರತ್ಯಯಗಳ ವಿಭಾಗದಿಂದ ಪದವನ್ನರಿಯುವ ಸಂಸ್ಕೃತ ಪಾಠಕ್ರಮಕ್ಕೆ ಇದು ಸಹಜವಾದ ಕೆಲಸ.

ಆದರೆ ವ್ಯುತ್ಪತ್ತಿಯೊಂದನ್ನೇ ನಂಬಿದರೆ ಮೋಸವುಂಟು. ಆಟಂ ಎಂದರೆ ಗ್ರೀಕಿನಲ್ಲಿ ಒಡೆಯಲಾಗದುದು. ಇಂದಿನ ಶಾಸ್ತ್ರದಲ್ಲಿ ಅದು ಒಡೆಯುವ ವಸ್ತು. ತ್ರಿಕೋನಮಿತಿಯ ಸೈನ್ ಎಂಬುದು ಲ್ಯಾಟಿನ್ನಿನಲ್ಲಿ ಮಡಿಲು ಅಥವಾ ಕೊಲ್ಲಿ; ಸಂಸ್ಕೃತದ ಜೀವಾ ಎಂಬ ಪದವು ಅರಬ್ಬಿಗೆ ಹೋಗಿ, ಅಲ್ಲಿ ಬೇರೆ ಪದವೆಂದು ಓದಲ್ಪಟ್ಟು ಲ್ಯಾಟಿನ್ನಿಗೆ ಬಂದ ಫಲವದು. ಇಂತಹ ಕಡೆಗಳಲ್ಲಿ ಯೋಗಕ್ಕಿಂತ ರೂಢಿಯೇ ಬಲವತ್ತರವೆಂಬ ನ್ಯಾಯವನ್ನು ಅನುಸರಿಸಬೇಕು. ಪರಿಚಿತಪದಗಳಲ್ಲಿ ಅಪಾಯವು ಇನ್ನೂ ಹೆಚ್ಚು. ಪಾಣಿನಿಯ ಶಾಸ್ತ್ರದಲ್ಲಿ ಗುಣವೆಂದರೆ ಸ್ವಭಾವವಲ್ಲ, ಕೆಲವು ಸ್ವರಗಳಿಗೆ ಇಟ್ಟ ಹೆಸರು. ಹಾಗೆಯೇ ಭೌತವಿಜ್ಞಾನದಲ್ಲಿ ವರ್ಕ್ ಎಂದರೆ ಲೋಕದ ಕೆಲಸವಲ್ಲ. ಹೊರೆಯನ್ನು ಹೊತ್ತು ಕದಲದೆ ನಿಂತವನು ಆ ಹೊರೆಯ ಮೇಲೆ ವರ್ಕ್ ಮಾಡಿದಂತಾಗದು.

ಎರಡನೆಯ ಅಂಗವು ಸಂಯೋಜಕಪದಗಳ ಜ್ಞಾನ. ಬಂಗಾಳದಲ್ಲಿ ಉಪಾಧ್ಯಾಯವೃತ್ತಿಯಲ್ಲಿದ್ದ ಮೈಕೇಲ್ ವೆಸ್ಟನು ೧೯೫೩ರಲ್ಲಿ ಇಂಗ್ಲಿಷಿನ ಸುಮಾರು ಎರಡು ಸಾವಿರ ಸಾಮಾನ್ಯಪದಗಳ ಸಂಗ್ರಹವನ್ನು ಪ್ರಕಟಿಸಿದನು. ೨೦೦೦ದಲ್ಲಿ ನ್ಯೂಜಿಲೆಂಡಿನ ಏವರಿಲ್ ಕಾಕ್ಸ್‌ಹೆಡ್ ಎಂಬ ವಿದುಷಿಯು ಅವುಗಳಿಗೆ ಹೊರತಾಗಿ ಎಲ್ಲ ಶಾಸ್ತ್ರಗ್ರಂಥಗಳಲ್ಲಿಯೂ ಬರುವ ೫೭೦ ಪದಕುಟುಂಬಗಳನ್ನು ಆಯ್ದು, ವಿದ್ವತ್ಪ್ರಬಂಧಗಳ ಮಾತುಗಳಲ್ಲಿ ಹತ್ತರಲ್ಲೊಂದು ಭಾಗವು ಇವೇ ಎಂದು ತೋರಿಸಿದಳು. ಅಸ್ಯೂಮ್, ಡಿರೈವ್, ಕಾನ್‌ಸ್ಟಿಟ್ಯೂಟ್ ಮೊದಲಾದುವು ಈ ವರ್ಗದವು. ಇವು ಯಾವುದೊಂದು ಶಾಸ್ತ್ರದ ಸಂಜ್ಞೆಗಳೂ ಅಲ್ಲ, ಸಂತೆಯ ಮಾತುಗಳೂ ಅಲ್ಲ. ಆದಕಾರಣ ಯಾರೂ ಇವನ್ನು ಪ್ರತ್ಯೇಕವಾಗಿ ಪಾಠಹೇಳರು. ನ್ಯಾಯಶಾಸ್ತ್ರದಲ್ಲಿ ಅವಚ್ಛಿನ್ನ, ನಿರೂಪಿತ ಎಂಬ ಪದಗಳನ್ನು ತಿಳಿಯದೆ ಪಂಕ್ತಿಯು ಹೇಗೆ ಲಗ್ನವಾಗದೋ ಹಾಗೆಯೇ ಇವನ್ನರಿಯದವನಿಗೆ ವಾಕ್ಯದ ಅನ್ವಯವೇ ಆಗದು.

ಹೀಗೆ ಸಂಜ್ಞೆಗೆ ಮೊದಲು ಕನ್ನಡದಲ್ಲಿ ಖಚಿತವಾದ ನಿರ್ವಚನ, ಬಳಿಕ ಧಾತುವಿನ ವಿವರಣೆ, ಅನಂತರ ಗ್ರಂಥಭಂಡಾರದಲ್ಲಿ ಬಹುಪ್ರಯೋಗದರ್ಶನ ಎಂಬ ಮೂರು ಮೆಟ್ಟಿಲುಗಳು ಮಳಖೇಡ, ಮರತೂರು, ನಾಗಾವಿಗಳ ಚರಿತ್ರೆಯಿಂದಲೇ ದೊರೆಯುವುವು. ಇವುಗಳಲ್ಲಿ ಕನ್ನಡವನ್ನು ಬಿಟ್ಟರೆ ಮೊದಲನೆಯ ಮೆಟ್ಟಿಲೇ ಇಲ್ಲವಾಗುವುದು. ಮನೆಯಲ್ಲಿ ತೆಲುಗನ್ನೋ ಉರ್ದುವನ್ನೋ ಲಂಬಾಣಿಯನ್ನೋ ಆಡುವ ಗಡಿಯ ಮಕ್ಕಳಿಗೆ ಉಪಾಧ್ಯಾಯನ ಹೊಣೆಯು ಇನ್ನೂ ಹೆಚ್ಚು. ಇಂಗ್ಲಿಷ್ ಶಾಸ್ತ್ರವು ಈ ನೆಲದಿಂದ ಪದಗಳನ್ನು ಪಡೆದಿಲ್ಲವೆಂದೂ ಅವರು ಭಾವಿಸಬೇಕಾಗಿಲ್ಲ. ಭೂವಿಜ್ಞಾನಿಗಳು ಈ ಸೀಮೆಯ ಪ್ರಾಚೀನ ಶಿಲಾಸ್ತರಗಳನ್ನು ಭೀಮಾ ಸಮುದಾಯವೆಂದೂ, ಅದರ ಸುಣ್ಣಕಲ್ಲಿನ ಸ್ತರವನ್ನು ಶಹಾಬಾದ್ ಫಾರ್ಮೇಷನ್ ಎಂದೂ ಕರೆಯುವರು. ಊರಿನವರು ಮನೆಗೆ ಹಾಸುವ ಫರಸಿಯ ಕಲ್ಲೇ ಅದು.