ದೊರೆಗಳ ಬಾತು ಬೇಟೆ

ನಾವು ಬ್ಲೌಸ್ ಪೀಸ್ ಹುಡುಕೋ ಕಮರ್ಷಿಯಲ್ ಸ್ಟ್ರೀಟ್, 1809ರಲ್ಲಿ ಇಲ್ಲಿಗೆ ಬಂದ ಬ್ರಿಟಿಷ್ ದಂಡಿನ ಹಿಂದೆ ಬೆಳೆದ ಅಂಗಡಿ ಬೀದಿ. ಬಿಡುವು ಸಿಕ್ಕಿದ್ರೆ ದೊರೆಗಳು ಬಂದೂಕು ಹಿಡ್ಕೊಂಡು ಸುತ್ತಲ ಕೆರೆಗಳಿಗೆ ಬಾತು ಹೊಡೆಯೋಕೆ ಹೋಗ್ತಿದ್ರು. ಊರವರು ಗದ್ದೆಗೆ ನೀರು ಬೇಕು ಅಂತ ಕಟ್ಟಿದ ಕೆರೆ, ಇವರಿಗೆ ಆಟದ ಬಯಲು ನೋಡ್ರಮ್ಮ! ಚಳಿಗಾಲದಲ್ಲಿ ಉತ್ತರದಿಂದ ವಲಸೆ ಬಾತುಗಳು ಬರೋದ್ರಿಂದ ಆಗ ಬೇಟೆ ಜೋರು. ಬಾಲ ಸೂಜಿ ಥರ ಇದ್ರೆ ಸೂಜಿಬಾಲದ ಬಾತು. ಕಪ್ಪು ಕೊಕ್ಕಿನ ತುದಿ ಅರಿಶಿನಕ್ಕೆ ಅದ್ದಿದಂಗೆ ಹಳದಿ ಇದ್ರೆ, ಅದು ವರ್ಷಪೂರ್ತಿ ನಮ್ಮಲ್ಲೇ ಇರೋ ಚುಕ್ಕೆ ಕೊಕ್ಕಿನ ಬಾತು.

1972ರ ಕಾನೂನು ಬಂದ ಮೇಲೂ ಲೈಸೆನ್ಸ್ ತಗೊಂಡು ಸಣ್ಣಪುಟ್ಟ ಬೇಟೆ ಆಡೋಕೆ ದಾರಿ ಇತ್ತು. 1991ರ ತಿದ್ದುಪಡಿಯಲ್ಲಿ ಅದನ್ನೂ ಮುಚ್ಚಿದ್ರು. ಅಷ್ಟೊತ್ತಿಗೆ ಎಷ್ಟೋ ಕೆರೆಗಳೇ ಹೋಗಿದ್ವು. ಸಂಪಂಗಿ ಕೆರೆ ಇದ್ದ ಜಾಗದಲ್ಲಿ ಈಗ ಕಂಠೀರವ ಸ್ಟೇಡಿಯಂ ಇದೆ.